ಕತ್ತಲ ಕೋಣೆಯಲ್ಲಿ ಒಂದು ಪಟ್ಟಕ

ಹೆಜ್ಜೆ, ನಿದ್ದೆ, ನಾಡಿಬಡಿತ ಎಲ್ಲದರ ಲೆಕ್ಕವಿಡುವ ಕೈಗಡಿಯಾರವನ್ನು ಬಾಳೆಹಣ್ಣಿಗೆ ಕಟ್ಟಿ ತೋರಿಸುವ ವಿಡಿಯೊಗಳು ಫೋನಿನಿಂದ ಫೋನಿಗೆ ಓಡಾಡಿವೆ. ಬಾಳೆಹಣ್ಣಿಗೂ ನಾಡಿ ಬಡಿಯುತ್ತದೆ. ನಿಮಿಷಕ್ಕೆ ಇಷ್ಟು ಎಂದು ಅಂಕಿಯೂ ಬರುತ್ತದೆ. ಹಾಗೆಂದು ಗಡಿಯಾರ ಸುಳ್ಳು ಹೇಳಿತು ಎನ್ನುವುದು ಅನ್ಯಾಯ. ಅದು ಚರ್ಮದ ಮೇಲೆ ಹಸಿರು ಬೆಳಕು ಚೆಲ್ಲುತ್ತದೆ, ಮರಳಿ ಬರುವ ಬೆಳಕಿನ ಏರಿಳಿತದಲ್ಲಿ ಒಂದು ಲಯವನ್ನು ಹುಡುಕುತ್ತದೆ. ಮಣಿಕಟ್ಟಿನ ಮೇಲೆ ಈ ಕೆಲಸವನ್ನು ಒಂದು ಮಟ್ಟಿಗೆ ಸರಿಯಾಗಿಯೇ ಮಾಡುತ್ತದೆ. ಲಯ ಹುಡುಕು ಎಂದರು, ಹುಡುಕಿಕೊಟ್ಟಿತು. ನನಗೆ ಕುತೂಹಲವಿರುವುದು ಗಡಿಯಾರದ ಬಗ್ಗೆ ಅಲ್ಲ, ಅದನ್ನು ಬಾಳೆಹಣ್ಣಿಗೆ ಕಟ್ಟಬೇಕು ಎಂದು ಮೊದಲು ಹೊಳೆಯಿತಲ್ಲ, ಆ ಮನುಷ್ಯನ ಬಗ್ಗೆ. ಈ ತುಂಟತನಕ್ಕೆ ವಿಜ್ಞಾನದ ಚರಿತ್ರೆಯಲ್ಲಿ ಒಂದು ವಂಶಾವಳಿ ಇದೆ. ಅದರಲ್ಲಿ ದೊಡ್ಡ ಹೆಸರು ರಾಬರ್ಟ್ ವಿಲಿಯಮ್ಸ್ ವುಡ್.

ವುಡ್ ಹುಟ್ಟಿದ್ದು 1868ರಲ್ಲಿ, ಅಮೆರಿಕದ ಕಾನ್‌ಕಾರ್ಡ್‌ನಲ್ಲಿ. 1901ರಿಂದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಚರ್ಮವೈದ್ಯರ ಬಳಿ ಹೋದವರು ಅವನ ಹೆಸರನ್ನು ಕೇಳಿರಬಹುದು. ಕೋಣೆ ಕತ್ತಲು ಮಾಡಿ, ನೇರಳೆ ಬೆಳಕಿನ ದೀಪ ಹಿಡಿದು ತೊನ್ನಿನ ಕಲೆ ನೋಡುತ್ತಾರಲ್ಲ, ಅದಕ್ಕೆ ಇಂದಿಗೂ ವುಡ್ಸ್ ಲ್ಯಾಂಪ್ ಎಂದೇ ಹೆಸರು. ಬೆಳಕಿನ ವಿಷಯದಲ್ಲಿ ಅವನ ಕಾಲದ ದೊಡ್ಡ ಪ್ರಯೋಗಪಟುಗಳಲ್ಲಿ ಒಬ್ಬ. ಆದರೆ ಸ್ವಭಾವದಲ್ಲಿ ಅವನು ನಾವು ಕೈ ಸುಮ್ಮನಿರದವನು ಎನ್ನುತ್ತೇವಲ್ಲ, ಆ ಜಾತಿಯವನು. ಬೇಸಿಗೆ ಕಳೆಯಲು ಈಸ್ಟ್ ಹ್ಯಾಂಪ್ಟನ್ ಎಂಬಲ್ಲಿ ಅವನಿಗೊಂದು ಮನೆ ಇತ್ತು. ಅಲ್ಲಿ ಪಾದರಸ ತುಂಬಿದ ತಟ್ಟೆಯನ್ನು ಗುಂಡಿಯೊಳಗಿಟ್ಟು ತಿರುಗಿಸಿದ. ತಿರುಗುವ ದ್ರವದ ಮೇಲ್ಮೈ ತಾನಾಗಿಯೇ ಬಟ್ಟಲಿನಂತೆ ಬಾಗಿ ದೂರದರ್ಶಕದ ಕನ್ನಡಿಯಾಗುತ್ತದೆ ಎಂದು ತೋರಿಸಿದ. ಅದೇ ಮನೆಯ ಕೊಟ್ಟಿಗೆಯಲ್ಲಿ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸುವ ಒಂದು ಉಪಕರಣವಿತ್ತು, ಸುಮಾರು 40 ಅಡಿ ಉದ್ದದ ಮರದ ಕೊಳವೆ. ವರ್ಷವಿಡೀ ಮುಚ್ಚಿದ್ದ ಕೊಳವೆಯಲ್ಲಿ ಜೇಡರಬಲೆ ಕಟ್ಟಿದಾಗ, ಮನೆಯ ಬೆಕ್ಕನ್ನು ಒಂದು ತುದಿಯಿಂದ ಒಳಗೆ ಬಿಟ್ಟು ಇನ್ನೊಂದು ತುದಿಯಿಂದ ಹೊರಗೆ ಕರೆದನಂತೆ. ಬಲೆಯೆಲ್ಲ ಬೆಕ್ಕಿನ ಮೈಗೆ ಅಂಟಿಕೊಂಡು ಕೊಳವೆ ಚೊಕ್ಕಟವಾಯಿತು.

ಊಟದ ಮನೆಯ ಕಥೆ ಇನ್ನೂ ಸೊಗಸು. ಬೋರ್ಡಿಂಗ್ ಹೌಸಿನಲ್ಲಿ ನಿನ್ನೆ ತಟ್ಟೆಯಲ್ಲಿ ಬಿಟ್ಟ ಮಾಂಸವನ್ನೇ ಇಂದು ಕೊಚ್ಚಿ ಬಡಿಸುತ್ತಾರೆ ಎಂಬ ಅನುಮಾನ ಅಲ್ಲಿ ಉಣ್ಣುವವರಿಗೆಲ್ಲ ಇತ್ತು. ವುಡ್ ಒಂದು ದಿನ ತನ್ನ ತಟ್ಟೆಯಲ್ಲಿ ಉಳಿದ ತುಂಡುಗಳ ಮೇಲೆ ಲಿಥಿಯಂ ಕ್ಲೋರೈಡ್ ಉದುರಿಸಿ ಎದ್ದುಹೋದ. ನೋಡಲು ಉಪ್ಪಿನಂಥದೇ ಪದಾರ್ಥ, ಆದರೆ ಬೆಂಕಿಗೆ ಹಿಡಿದರೆ ಕಡುಗೆಂಪು ಗೆರೆ ಕೊಡುತ್ತದೆ. ಮರುದಿನ ಬಡಿಸಿದ್ದರಲ್ಲಿ ಸ್ವಲ್ಪ ಸುಟ್ಟು ನೋಡಿದರೆ ಆ ಗೆರೆ ಹಾಜರ್! ಈ ಕಥೆಗಳು ನಮಗೆ ಹೆಚ್ಚಾಗಿ ಬಂದಿರುವುದು ವಿಲಿಯಂ ಸೀಬ್ರೂಕ್ ಎಂಬ ಪತ್ರಕರ್ತ 1941ರಲ್ಲಿ ಬರೆದ ಅವನ ಜೀವನಚರಿತ್ರೆಯಿಂದ. ಆಗ ವುಡ್ ಬದುಕಿದ್ದ, ಕಥೆ ಹೇಳುವುದರಲ್ಲಿ ನಿಪುಣನೂ ಆಗಿದ್ದ. ಆದ್ದರಿಂದ ಇವುಗಳ ಮೇಲೂ ಯಾರೋ ಸ್ವಲ್ಪ ಉಪ್ಪು ಉದುರಿಸಿರಬಹುದು ಎಂದುಕೊಂಡೇ ಓದಬೇಕು. ಆದರೆ 1904ರಲ್ಲಿ ಅವನು ಫ್ರಾನ್ಸಿನಲ್ಲಿ ಮಾಡಿದ ಕೆಲಸಕ್ಕೆ ಅವನೇ ಆಗ ಬರೆದ ಪತ್ರದ ಸಾಕ್ಷಿಯಿದೆ.

ಅದು ಕಿರಣಗಳ ಕಾಲ. 1895ರ ಕೊನೆಗೆ ರಾಂಟ್‌ಜೆನ್ ಎಕ್ಸ್-ಕಿರಣ ಕಂಡ. ಮರುವರ್ಷವೇ ಹೆನ್ರಿ ಬೆಕರೆಲ್ ಯುರೇನಿಯಂ ತಾನಾಗಿ ಏನನ್ನೋ ಸೂಸುತ್ತದೆ ಎಂದು ಕಂಡುಕೊಂಡ. ಆಮೇಲೆ ರೇಡಿಯಂ ಬಂತು. ಮೂಳೆ ಕಾಣಿಸುವ ಬೆಳಕೇ ಇದೆ ಎಂದಾದ ಮೇಲೆ ಇನ್ನೇನು ಇರಲಾರದು? ಪ್ರಯೋಗಾಲಯವಿದ್ದ ಪ್ರತಿ ಊರಿಗೂ ತನ್ನದೊಂದು ಕಿರಣ ಬೇಕಿತ್ತು. ನಾನ್ಸಿ ಎಂಬ ಊರಿಗೆ 1903ರಲ್ಲಿ ಅದು ಸಿಕ್ಕಿತು. ಅಲ್ಲಿನ ಪ್ರಾಧ್ಯಾಪಕ ರೆನೆ ಬ್ಲಾಂಡ್ಲೊ ತಾನು ಕಂಡ ಹೊಸ ಕಿರಣಕ್ಕೆ ಊರ ಹೆಸರಿನ ಮೊದಲ ಅಕ್ಷರವಿಟ್ಟು ಎನ್-ಕಿರಣ ಎಂದು ಕರೆದ.

ಬ್ಲಾಂಡ್ಲೊ ಹುಸಿ ಸ್ವಾಮಿಯಲ್ಲ, ಮೋಸಗಾರನೂ ಅಲ್ಲ ಎನ್ನುವುದನ್ನು ಒತ್ತಿ ಹೇಳಬೇಕು. ರೇಡಿಯೊ ಅಲೆಗಳ ವೇಗವನ್ನು ಅಳೆದು ಹೆಸರು ಮಾಡಿದ್ದ ಗಂಭೀರ ವಿಜ್ಞಾನಿ. ಎಕ್ಸ್-ಕಿರಣದ ಮೇಲೆ ಕೆಲಸ ಮಾಡುವಾಗ ಒಂದು ಸಣ್ಣ ವಿದ್ಯುತ್ ಕಿಡಿ ಇದ್ದದ್ದಕ್ಕಿಂತ ತುಸು ಹೆಚ್ಚು ಬೆಳಗಿದಂತೆ ಅವನಿಗೆ ಕಂಡಿತು. ಆಮೇಲೆ ಕಿಡಿಯ ಜೊತೆಗೆ ಕ್ಯಾಲ್ಸಿಯಂ ಸಲ್ಫೈಡ್ ಬಳಿದ ಪರದೆಯೂ ಬಂತು. ಅದು ಕತ್ತಲಲ್ಲಿ ಮಂದವಾಗಿ ಮಿನುಗುವ ಬಣ್ಣ. ಎನ್-ಕಿರಣ ತಗುಲಿದರೆ ಆ ಮಿನುಗು ಒಂದಿಷ್ಟು ಹೆಚ್ಚುತ್ತದೆ, ತಡೆದರೆ ಒಂದಿಷ್ಟು ಕುಗ್ಗುತ್ತದೆ. ಇಡೀ ಶೋಧ ನಿಂತಿದ್ದು ಈ 'ಒಂದಿಷ್ಟು' ಎಂಬುದರ ಮೇಲೆ. ನೋಡುವುದಕ್ಕೂ ಒಂದು ವಿಧಾನವಿತ್ತು. ಮೊದಲು ಕಣ್ಣನ್ನು ಕತ್ತಲಿಗೆ ಒಗ್ಗಿಸಿಕೊಳ್ಳಬೇಕು, ಕಣ್ಣಿಗೆ ಆಯಾಸ ಕೊಡಬಾರದು, ಪರದೆಯನ್ನು ದಿಟ್ಟಿಸಬಾರದು. ನೋಡಿಯೂ ನೋಡದಂತೆ ನೋಡಬೇಕು. ಇಷ್ಟೆಲ್ಲ ಮಾಡಿಯೂ ಕಾಣದಿದ್ದರೆ ಅಭ್ಯಾಸ ಸಾಲದು ಎಂದರ್ಥ.

ಕಂಡವರೇನು ಒಬ್ಬಿಬ್ಬರಲ್ಲ. ಮೂರ್ನಾಲ್ಕು ವರ್ಷಗಳಲ್ಲಿ ನೂರಕ್ಕೂ ಹೆಚ್ಚು ಮಂದಿ ಎನ್-ಕಿರಣದ ಬಗ್ಗೆ ಬರೆದರು, ಲೇಖನಗಳು ಮುನ್ನೂರರ ಹತ್ತಿರ ಬಂದವು. ಅದೇ ಊರಿನ ಶಾರ್ಪಾಂತಿಯೆ ಎಂಬ ವೈದ್ಯವಿಜ್ಞಾನಿ ಮನುಷ್ಯನ ನರಗಳೂ ಸ್ನಾಯುಗಳೂ ಎನ್-ಕಿರಣ ಸೂಸುತ್ತವೆ, ಮಾತಾಡುವಾಗ ಮಿದುಳಿನ ಮಾತಿನ ಭಾಗದಿಂದ ಹೆಚ್ಚಾಗಿ ಹೊರಡುತ್ತವೆ ಎಂದ. ಹೆನ್ರಿ ಬೆಕರೆಲ್‌ನ ಮಗ ಜಾನ್ ಬೆಕರೆಲ್ ಇನ್ನೂ ಮುಂದೆ ಹೋದ. ಲೋಹಕ್ಕೆ ಕ್ಲೋರೋಫಾರ್ಮ್ ಕೊಟ್ಟರೆ ಅದು ಎನ್-ಕಿರಣ ಸೂಸುವುದನ್ನು ನಿಲ್ಲಿಸುತ್ತದಂತೆ! ಕಬ್ಬಿಣಕ್ಕೆ ಅರಿವಳಿಕೆ ಕೊಟ್ಟು ಮಲಗಿಸಿದ ಏಕೈಕ ಪ್ರಸಂಗ ಇದೇ ಇರಬೇಕು. ಇತ್ತ ಜರ್ಮನಿಯ ರೂಬೆನ್ಸ್, ಲುಮ್ಮರ್ ಮುಂತಾದವರು ಎಷ್ಟು ಹೊತ್ತು ಕತ್ತಲಲ್ಲಿ ಕೂತರೂ ಏನೂ ಕಾಣಲಿಲ್ಲ. ಮಬ್ಬು ಬೆಳಕಿನಲ್ಲಿ ಕಣ್ಣಿನ ನಡುಭಾಗಕ್ಕಿಂತ ಅಂಚು ಚುರುಕಾಗಿರುತ್ತದೆ, ದೃಷ್ಟಿ ಕದಲಿದರೆ ಪರದೆಯ ಹೊಳಪು ಬದಲಾದಂತೆ ತೋರುತ್ತದೆ, ಇದು ಕಣ್ಣಿನ ಆಟ ಎಂದು ಲುಮ್ಮರ್ ಹೇಳಿದ. ಕಿರಣದ ಪಕ್ಷದವರು ಒಪ್ಪಲಿಲ್ಲ. ಇಂಗ್ಲಿಷರ ಕಣ್ಣು ಮಂಜಿನಿಂದಲೂ ಜರ್ಮನರ ಕಣ್ಣು ಬಿಯರಿನಿಂದಲೂ ಮಂಕಾಗಿದೆ ಎಂಬ ಮಾತು ಆಗ ಹುಟ್ಟಿಕೊಂಡಿತಂತೆ.

1904ರ ಸೆಪ್ಟೆಂಬರ್‌ನಲ್ಲಿ ಯೂರೋಪಿಗೆ ಬಂದಿದ್ದ ವುಡ್ ನಾನ್ಸಿಗೆ ಹೋದ. ರೂಬೆನ್ಸ್ ಹುರಿದುಂಬಿಸಿ ಕಳಿಸಿದ ಎನ್ನುತ್ತಾರೆ. ಬ್ಲಾಂಡ್ಲೊ ಮರ್ಯಾದೆಯಿಂದಲೇ ಬರಮಾಡಿಕೊಂಡು, ಮೂರು ತಾಸಿಗೂ ಹೆಚ್ಚು ಕಾಲ ಒಂದೊಂದಾಗಿ ಪ್ರಯೋಗ ತೋರಿಸಿದ.

ಮೊದಲನೆಯದು ಕಿಡಿಯ ಪ್ರಯೋಗ. ಕಿರಣದ ದಾರಿಗೆ ಕೈ ಅಡ್ಡ ಹಿಡಿದರೆ ಕಿಡಿ ಮಂಕಾಗುತ್ತದೆ ಎಂದರು. ವುಡ್‌ಗೆ ಏನೂ ವ್ಯತ್ಯಾಸ ಕಾಣಲಿಲ್ಲ. ಹಾಗಾದರೆ ನಾನು ಕೈ ಅಡ್ಡ ಇಡುತ್ತೇನೆ, ತೆಗೆಯುತ್ತೇನೆ, ಯಾವಾಗ ಇಟ್ಟೆ ಯಾವಾಗ ತೆಗೆದೆ ಎಂದು ನೀವೇ ಹೇಳಿ ಎಂದ. ಒಂದು ಉತ್ತರವೂ ಸರಿಬರಲಿಲ್ಲ. ಅವರು ಕಿಡಿಯ ಫೋಟೊಗಳನ್ನೂ ತೋರಿಸಿದರು. ಅವುಗಳಲ್ಲಿ ವ್ಯತ್ಯಾಸವೇನೋ ಇತ್ತು. ಆದರೆ ಫೋಟೊದ ಗಾಜನ್ನು ಐದೈದು ಸೆಕೆಂಡಿಗೊಮ್ಮೆ ಕೈಯಿಂದಲೇ ಅತ್ತಿತ್ತ ಸರಿಸುತ್ತಿದ್ದುದನ್ನು ವುಡ್ ಗಮನಿಸಿದ. ಯಾವ ಕಡೆಗೆ ಹೆಚ್ಚು ಬೆಳಕು ಬೀಳಬೇಕು ಎಂದು ಬಲ್ಲ ಕೈ ಆ ಕಡೆ ಅರೆಗಳಿಗೆ ಹೆಚ್ಚು ನಿಂತರೆ ಸಾಕು.

ಇನ್ನೊಂದು ಪ್ರಯೋಗದಲ್ಲಿ ಉಕ್ಕಿನ ಅರವನ್ನು ಕಣ್ಣಿನ ಹತ್ತಿರ ಹಿಡಿದರೆ ಮಬ್ಬು ಕೋಣೆಯ ಗೋಡೆ ಗಡಿಯಾರದ ಮುಳ್ಳು ನಿಚ್ಚಳವಾಗಿ ಕಾಣುತ್ತದೆ ಎಂದರು. ಉಕ್ಕು ಎನ್-ಕಿರಣ ಸೂಸುತ್ತದೆ ಎಂಬುದು ಅವರ ಲೆಕ್ಕ. ವುಡ್ ಗುಟ್ಟಾಗಿ ಅರದ ಜಾಗದಲ್ಲಿ ಅದೇ ಗಾತ್ರದ ಮರದ ತುಂಡನ್ನು ಇಟ್ಟ. ಎನ್-ಕಿರಣ ಸೂಸದ ಕೆಲವೇ ಪದಾರ್ಥಗಳಲ್ಲಿ ಮರವೂ ಒಂದು ಎಂದು ಅವರೇ ಹೇಳಿದ್ದರು. ಗಡಿಯಾರ ಮೊದಲಿನಷ್ಟೇ ನಿಚ್ಚಳವಾಗಿ ಕಂಡಿತು! (ವುಡ್ ಎಂದರೂ ಮರವೇ ಎಂಬುದನ್ನು ಓದುಗರ ಗಮನಕ್ಕೆ ತಂದು ಮುಂದೆ ಹೋಗುತ್ತೇನೆ.)

ಎಲ್ಲಕ್ಕಿಂತ ಪ್ರಸಿದ್ಧವಾದದ್ದು ಪಟ್ಟಕದ ಪ್ರಸಂಗ. ಬಿಳಿ ಬೆಳಕನ್ನು ಏಳು ಬಣ್ಣವಾಗಿ ಬಿಡಿಸುವ ಗಾಜಿನ ಮುಮ್ಮೂಲೆ ಪಟ್ಟಕವನ್ನು ಹೈಸ್ಕೂಲಿನಲ್ಲಿ ಎಲ್ಲರೂ ನೋಡಿರುತ್ತೇವೆ. ಎನ್-ಕಿರಣಕ್ಕಾಗಿ ಬ್ಲಾಂಡ್ಲೊ ಅಲ್ಯೂಮಿನಿಯಂ ಪಟ್ಟಕ ಮಾಡಿಸಿದ್ದ. ಅದರಿಂದ ಬಾಗಿ ಬರುವ ಕಿರಣಗಳು ಎಲ್ಲೆಲ್ಲಿ ಬೀಳುತ್ತವೆ ಎಂದು ಮಿನುಗು ಬಣ್ಣದ ಸಣ್ಣ ಗೆರೆಯನ್ನು ಅಳತೆಪಟ್ಟಿಯ ಮೇಲೆ ಸರಿಸುತ್ತಾ ಓದಿ ಹೇಳಬೇಕು. ಸೀಬ್ರೂಕ್ ಹೇಳುವ ಪ್ರಕಾರ, ಕಿರಣ ಹೊರಡುವ ಸೀಳೇ ಎರಡು ಮೂರು ಮಿಲಿಮೀಟರ್ ಅಗಲವಿರುವಾಗ ಮಿಲಿಮೀಟರಿನ ಹತ್ತನೇ ಒಂದು ಭಾಗದ ಲೆಕ್ಕ ಹೇಗೆ ಸಾಧ್ಯ ಎಂದು ವುಡ್ ಕೇಳಿದ. ಎನ್-ಕಿರಣದ ಸೋಜಿಗವೇ ಅದು, ಸಾಮಾನ್ಯ ನಿಯಮಗಳು ಅದಕ್ಕೆ ಅನ್ವಯಿಸುವುದಿಲ್ಲ ಎಂಬ ಉತ್ತರ ಬಂತು. ಕೋಣೆ ಕತ್ತಲು. ವುಡ್ ಸದ್ದಿಲ್ಲದೆ ಪಟ್ಟಕವನ್ನು ತೆಗೆದ. ಆ ಕಡೆ ಅಂಕಿಗಳು ಮೊದಲಿನಂತೆಯೇ, ಅದೇ ಅದೇ ಜಾಗಕ್ಕೆ ಬರುತ್ತಿದ್ದವು.

ಪಟ್ಟಕವನ್ನು ಜೇಬಿಗೆ ಹಾಕಿಕೊಂಡ ಎಂದು ಈಗ ಎಲ್ಲ ಕಡೆ ಓದುತ್ತೇವೆ. ಅವನ ಪತ್ರದಲ್ಲಿ ಇರುವುದು ತೆಗೆದೆ ಎಂಬುದಷ್ಟೆ. ಜೇಬು ಹೊಲಿದುಕೊಟ್ಟವರು ಆಮೇಲಿನವರು. ಪತ್ರ ಅದೇ ಸೆಪ್ಟೆಂಬರ್ 29ರ 'ನೇಚರ್' ಪತ್ರಿಕೆಯಲ್ಲಿ ಅಚ್ಚಾಯಿತು. ಫ್ರಾನ್ಸಿನ ಹೊರಗೆ ಎನ್-ಕಿರಣದ ಕಥೆ ಅಲ್ಲಿಗೆ ಮುಗಿಯಿತು. ಒಳಗೆ ಅಷ್ಟು ಬೇಗ ಮುಗಿಯಲಿಲ್ಲ. ಆ ಡಿಸೆಂಬರ್‌ನಲ್ಲಿ ಫ್ರೆಂಚ್ ಅಕಾಡೆಮಿ 50,000 ಫ್ರಾಂಕುಗಳ ಲೆಕಾಂಟ್ ಬಹುಮಾನವನ್ನು ಬ್ಲಾಂಡ್ಲೊಗೇ ಕೊಟ್ಟಿತು, ಅವನ ಒಟ್ಟು ಸಾಧನೆಗೆ ಎಂದು ಜಾಣತನದಿಂದ ಹೇಳಿ. 1906ರಲ್ಲಿ ಫ್ರೆಂಚ್ ಪತ್ರಿಕೆಯೊಂದು ನೇರ ಪರೀಕ್ಷೆಗೆ ಕರೆಯಿತು. ಮುಚ್ಚಿದ ಪೆಟ್ಟಿಗೆಗಳನ್ನು ಕೊಡುತ್ತೇವೆ, ಯಾವುದರಿಂದ ಕಿರಣ ಬರುತ್ತದೆ, ಯಾವುದರಿಂದ ಬರುವುದಿಲ್ಲ ಎಂದು ಹೇಳಿದರೆ ಸಾಕು. ಬ್ಲಾಂಡ್ಲೊ ಒಪ್ಪಲಿಲ್ಲ. ಇದು ಬಹಳ ನಾಜೂಕಿನ ವಿದ್ಯಮಾನ, ಅವರವರು ನೋಡಿ ಅವರವರ ಅಭಿಪ್ರಾಯಕ್ಕೆ ಬರಲಿ ಎಂದುಬಿಟ್ಟ.

ಜನಪ್ರಿಯ ವಿಜ್ಞಾನದ ಬರಹಗಳಲ್ಲಿ ಈ ಕಥೆಗೆ ಇನ್ನೊಂದು ಅಂಕ ಸೇರಿದೆ. ಅವಮಾನದಿಂದ ಬ್ಲಾಂಡ್ಲೊಗೆ ಹುಚ್ಚು ಹಿಡಿಯಿತು, ಅದರಲ್ಲೇ ಸತ್ತ ಎಂದು. ಇದರ ಬೇರು ಕೂಡ ಸೀಬ್ರೂಕನ ಪುಸ್ತಕದಲ್ಲಿದೆ. ನಿಜದಲ್ಲಿ ಅವನು 1909ರಲ್ಲಿ ನಿವೃತ್ತನಾಗಿ, 1930ರವರೆಗೆ, ಅಂದರೆ ಪಟ್ಟಕ ಮಾಯವಾದ ಮೇಲೆ ಇಪ್ಪತ್ತಾರು ವರ್ಷ ಬದುಕಿದ್ದ. ಮೂಢನಂಬಿಕೆಯ ವಿರುದ್ಧ ಬರೆಯುವವರೂ ತಮಗೆ ಬೇಕಾದ ಅಂತ್ಯವನ್ನು ಕತ್ತಲಲ್ಲಿ ಕಂಡುಬಿಡುತ್ತಾರೆ. ಪಾಪಿಗೆ ಶಿಕ್ಷೆಯಾಗದ ಹರಿಕಥೆ ನಮಗೆ ರುಚಿಸುವುದಿಲ್ಲವಲ್ಲ.

ಬ್ಲಾಂಡ್ಲೊನನ್ನು ನೋಡಿ ನಗುವುದು ನನಗೆ ಕಷ್ಟ. ಸವೆದ ಶಾಸನದ ಪಡಿಯಚ್ಚನ್ನು ಓದಲು ಕೂತ ಯಾವ ಸಂಶೋಧನಾ ವಿದ್ಯಾರ್ಥಿಗೂ ಕಷ್ಟವಾಗಬೇಕು. ಹಿಂದಿನವರು ಓದಿ ಅಚ್ಚು ಮಾಡಿಸಿದ ಪಾಠ ಪಕ್ಕದಲ್ಲಿದ್ದರೆ ಕಲ್ಲಿನಲ್ಲಿ ಅಕ್ಷರಗಳು ತಾವೇ ಮೂಡುತ್ತವೆ. ದೀರ್ಘ, ಒತ್ತು ಎಲ್ಲ ಸ್ಪಷ್ಟ. ಆ ಪುಸ್ತಕ ಮುಚ್ಚಿಟ್ಟು ನೋಡಿದರೆ ಅದೇ ಜಾಗದಲ್ಲಿ ಬರಿಯ ಗೀರು. ಯಾರೂ ಅಲ್ಲಿ ಸುಳ್ಳು ಹೇಳುತ್ತಿರುವುದಿಲ್ಲ. ಅದಕ್ಕೇ ಒಬ್ಬರ ಓದನ್ನು ನೋಡದೆ ಇನ್ನೊಬ್ಬರು ಓದಿ, ಆಮೇಲೆ ಎರಡನ್ನೂ ಹೋಲಿಸುವುದು. ನಮ್ಮ ಕೆಲಸದಲ್ಲಿ ಪಟ್ಟಕ ತೆಗೆಯುವ ಕ್ರಮ ಇದು. ಬೇಸರದ ಕೆಲಸ, ಗಡುವು ಹತ್ತಿರವಿದ್ದಾಗ ಮೊದಲು ಕೈಬಿಡುವುದೂ ಇದನ್ನೇ.

ಕತ್ತಲಲ್ಲಿ ಕೂತು ಮಂದ ಬೆಳಕನ್ನು ಬರಿಗಣ್ಣಿನಲ್ಲಿ ನೋಡುವುದೇ ತಪ್ಪು ಎಂಬ ತೀರ್ಮಾನಕ್ಕೆ ಬರುವುದೂ ಸರಿಯಲ್ಲ. ಏಕೆಂದರೆ ಹಾಗೆ ನೋಡಿದ್ದರಿಂದಲೇ ಸಿಕ್ಕಿದ ಇನ್ನೊಂದು ಬೆಳಕಿದೆ. 1928ರ ಫೆಬ್ರವರಿಯಲ್ಲಿ ಕಲ್ಕತ್ತಾದಲ್ಲಿ ಸಿ. ವಿ. ರಾಮನ್ ಮತ್ತು ಕೆ. ಎಸ್. ಕೃಷ್ಣನ್ ಶುದ್ಧ ದ್ರವಗಳಲ್ಲಿ ಚದುರಿದ ಬೆಳಕನ್ನು ನೋಡುತ್ತಿದ್ದರು. ಅದೂ ತೀರಾ ಕ್ಷೀಣ. ಅದನ್ನೂ ಮೊದಲು ಕಂಡದ್ದು ಕಣ್ಣೇ. ಮಾರ್ಚ್ 16ರಂದು ರಾಮನ್ ಈ ಹೊಸ ವಿಕಿರಣದ ಬಗ್ಗೆ ವಿಸ್ತಾರವಾದ ಉಪನ್ಯಾಸ ಕೊಟ್ಟದ್ದು ನಮ್ಮ ಬೆಂಗಳೂರಿನಲ್ಲಿ. ಹೊರಗಿನಿಂದ ನೋಡಿದವರಿಗೆ ಇನ್ನೊಂದು ಎನ್-ಕಿರಣ ಬಂತೇ ಎನ್ನಿಸಿದ್ದರೆ ಆಶ್ಚರ್ಯವಿಲ್ಲ.

ಆದರೆ ಏರ್ಪಾಡು ಬೇರೆಯಾಗಿತ್ತು. ಸೂರ್ಯನ ಬೆಳಕು ದ್ರವಕ್ಕೆ ತಾಗುವ ಮೊದಲು ನೇರಳೆ ನೀಲಿಯನ್ನು ಮಾತ್ರ ಬಿಡುವ ಬಣ್ಣದ ಶೋಧಕ ಇಟ್ಟರು. ಚದುರಿ ಬಂದ ಬೆಳಕಿನ ದಾರಿಯಲ್ಲಿ ಆ ನೇರಳೆ ನೀಲಿಯನ್ನೇ ತಡೆದು ಹಳದಿ ಹಸಿರನ್ನು ಮಾತ್ರ ಬಿಡುವ ಇನ್ನೊಂದು ಶೋಧಕ ಇಟ್ಟರು. ಬಣ್ಣ ಬದಲಾಗದಿದ್ದರೆ ಎರಡನ್ನೂ ದಾಟಿ ಏನೂ ಬರುವಂತಿಲ್ಲ, ಪೂರಾ ಕತ್ತಲಿರಬೇಕು. ಅಲ್ಲಿ ಬೆಳಕು ಕಂಡಿತು. ಬ್ಲಾಂಡ್ಲೊ ಹುಡುಕಿದ್ದು ಇದ್ದ ಬೆಳಕಿನಲ್ಲಿ ಇನ್ನೊಂದಿಷ್ಟನ್ನು. ರಾಮನ್ ಹುಡುಕಿದ್ದು ಏನೂ ಇರಬಾರದ ಜಾಗದಲ್ಲಿ ಏನಾದರೂ ಇದೆಯೇ ಎಂದು. ನನ್ನ ಮಟ್ಟಿಗೆ ಎರಡೂ ಕಥೆಗಳ ನಡುವಿನ ಅಂತರವೆಲ್ಲ ಇಷ್ಟರಲ್ಲೇ ಇದೆ. ಆಮೇಲೆ ಅವರು ಪಾದರಸದ ದೀಪ ಬಳಸಿ ಹೊಸ ಗೆರೆಗಳ ಫೋಟೊ ತೆಗೆದರು. ಅದೇ ವರ್ಷ ಅಮೆರಿಕದಲ್ಲಿ ಒಬ್ಬ ಆ ಪ್ರಯೋಗವನ್ನು ತಾನೇ ಮಾಡಿ ನೋಡಿ, ಎಲ್ಲವೂ ಸರಿಯಾಗಿದೆ, ಅದ್ಭುತವಾಗಿದೆ ಎಂಬರ್ಥದ ವರದಿಯನ್ನು 'ನೇಚರ್'ಗೆ ಕಳಿಸಿದ. ಅವನು ಬೇರೆ ಯಾರೂ ಅಲ್ಲ, ಪಟ್ಟಕ ತೆಗೆದ ಅದೇ ವುಡ್. ವಿಜ್ಞಾನ ದಿನದ ಭಾಷಣಗಳಲ್ಲಿ ರಾಮನ್ ಅವರ ಉಪಕರಣಕ್ಕೆ ಎಷ್ಟು ಕಡಿಮೆ ದುಡ್ಡಾಯಿತು ಎಂಬುದು ತಪ್ಪದೆ ಬರುತ್ತದೆ. ಆ ಎರಡು ಶೋಧಕಗಳನ್ನು ಎದುರುಬದುರು ಇಟ್ಟ ಯುಕ್ತಿಯ ಮಾತು ಅಷ್ಟು ಬರುವುದಿಲ್ಲ.

ಎನ್-ಕಿರಣದಿಂದ ಯಾರೂ ಸಾಯಲಿಲ್ಲ. ನೂರು ವರ್ಷದ ನಂತರ ಅದೇ ಜಾತಿಯ ಇನ್ನೊಂದು ಯಂತ್ರ ಬಂದಾಗ ಹಾಗೆ ಹೇಳುವಂತಿರಲಿಲ್ಲ. ಎಡಿಇ 651 ಎಂಬ ಅದು ಪಿಸ್ತೂಲಿನಂಥ ಹಿಡಿ, ಅದರ ತುದಿಗೆ ಆಚೀಚೆ ತೂಗುವ ಒಂದು ಲೋಹದ ಕಡ್ಡಿ. ಬ್ಯಾಟರಿ ಇಲ್ಲ, ಹಿಡಿದವನ ಮೈಯ ಸ್ಥಾಯಿ ವಿದ್ಯುತ್ತೇ ಸಾಕು ಎಂದು ಮಾರಾಟಗಾರರ ಮಾತು. ಕಡ್ಡಿ ಬಾಗಿದ ಕಡೆ ಬಾಂಬು ಇದೆ. ಇಂಗ್ಲೆಂಡಿನ ಜೇಮ್ಸ್ ಮೆಕಾರ್ಮಿಕ್ ಎಂಬ ಮಾಜಿ ಪೊಲೀಸ್ ಇದನ್ನು ಇರಾಕಿಗೆ ಕೋಟ್ಯಂತರ ಡಾಲರುಗಳಿಗೆ ಮಾರಿದ. ಇದರ ಮೂಲ, ಕಳೆದುಹೋದ ಗಾಲ್ಫ್ ಚೆಂಡು ಹುಡುಕಿಕೊಡುತ್ತದೆ ಎಂದು ಮಾರುತ್ತಿದ್ದ ಅಗ್ಗದ ಆಟಿಕೆ. ಒಳಗೆ ಹಾಕುವ 'ವಿಶೇಷ ಕಾರ್ಡ್' ಬಿಚ್ಚಿ ನೋಡಿದವರಿಗೆ ಸಿಕ್ಕಿದ್ದು ಅಂಗಡಿಯ ಬಟ್ಟೆಗೆ ಕಳ್ಳತನದ ಭಯಕ್ಕೆ ಅಂಟಿಸುವಂಥ ಪಟ್ಟಿ. ಇದರದೇ ತಮ್ಮನಂತಿದ್ದ ಜಿಟಿ 200 ಎಂಬುದನ್ನು ಥಾಯ್ಲೆಂಡ್ ಸರ್ಕಾರ 2010ರಲ್ಲಿ ಪರೀಕ್ಷಿಸಿತು. ನಾಲ್ಕು ಪೆಟ್ಟಿಗೆಗಳಲ್ಲಿ ಒಂದರಲ್ಲಿ ಸ್ಫೋಟಕ ಇಟ್ಟು, ಎಲ್ಲಿದೆ ಎಂದು ಪರೀಕ್ಷಿಸುವವರಿಗೂ ಹೇಳದೆ, ಇಪ್ಪತ್ತು ಸಲ ಹುಡುಕಿಸಿದರು. ಸರಿಯಾದದ್ದು ನಾಲ್ಕು ಸಲ. ಕಣ್ಣು ಮುಚ್ಚಿ ಹೇಳಿದ್ದರೂ ಸರಾಸರಿ ಐದು ಬರಬೇಕಿತ್ತು. ಬ್ಲಾಂಡ್ಲೊ ನಿರಾಕರಿಸಿದ ಪೆಟ್ಟಿಗೆಯ ಪರೀಕ್ಷೆಯೂ ಇಂಥದೇ.

2013ರಲ್ಲಿ ಲಂಡನ್ನಿನ ನ್ಯಾಯಾಲಯ ಮೆಕಾರ್ಮಿಕ್‌ಗೆ ಹತ್ತು ವರ್ಷ ಶಿಕ್ಷೆ ಕೊಟ್ಟಿತು. ಅದಾದ ಮೇಲೂ ಬಾಗ್ದಾದಿನ ತಪಾಸಣಾ ಠಾಣೆಗಳಲ್ಲಿ ಆ ಕಡ್ಡಿಗಳು ತೂಗುತ್ತಲೇ ಇದ್ದವು. 2016ರ ಜುಲೈ 3ರಂದು ಕರ್ರಾಡ ಬಡಾವಣೆಯಲ್ಲಿ ಬಾಂಬು ಸ್ಫೋಟಿಸಿ ಮುನ್ನೂರಕ್ಕೂ ಹೆಚ್ಚು ಜನ ಸತ್ತ ಮೇಲೆ ಪ್ರಧಾನಿ ಅವನ್ನು ಹಿಂತೆಗೆದುಕೊಳ್ಳಲು ಆದೇಶಿಸಿದರು.

ಇಷ್ಟು ದೂರ ಹೋಗುವುದೂ ಬೇಡ. ನಮ್ಮ ಬಯಲುಸೀಮೆಯಲ್ಲಿ ಬೋರ್‌ವೆಲ್ ಕೊರೆಸುವ ಮುಂಚೆ ಪಾಯಿಂಟ್ ಮಾಡಿಸುವುದು ರೂಢಿ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಅಥವಾ ಬೇವಿನ ಕವಲುಕಡ್ಡಿ ಹಿಡಿದು ಹೊಲದಲ್ಲಿ ನಡೆಯುತ್ತಾರೆ. ಕಾಯಿ ಎದ್ದು ನಿಂತ ಕಡೆ, ಕಡ್ಡಿ ಬಾಗಿದ ಕಡೆ ನೀರು. ಮನಸ್ಸಿನ ನಿರೀಕ್ಷೆಗೆ ತಕ್ಕಂತೆ ನಮಗೇ ಅರಿವಿಲ್ಲದೆ ಸ್ನಾಯುಗಳು ಅಲುಗುತ್ತವೆ ಎಂಬುದು ಹತ್ತೊಂಬತ್ತನೇ ಶತಮಾನದಿಂದ ಗೊತ್ತಿರುವ ಸಂಗತಿ. 1987-88ರಲ್ಲಿ ಜರ್ಮನಿಯ ಮ್ಯೂನಿಕ್ ಬಳಿ ಒಂದು ದೊಡ್ಡ ಕೊಟ್ಟಿಗೆಯಲ್ಲಿ ಇದರ ಪರೀಕ್ಷೆ ನಡೆಯಿತು. ಕೆಳಗಿನ ಅಂತಸ್ತಿನಲ್ಲಿ ನೀರಿನ ಕೊಳವೆಯನ್ನು ಬೇರೆ ಬೇರೆ ಜಾಗಕ್ಕೆ ಸರಿಸುವುದು, ಮೇಲಿನ ಅಂತಸ್ತಿನಲ್ಲಿ ಕಡ್ಡಿ ಹಿಡಿದವರು ಅದು ಎಲ್ಲಿದೆ ಎಂದು ಹೇಳುವುದು. ಸುಮಾರು 500 ಮಂದಿಯಲ್ಲಿ 43 ಜನರನ್ನು ಆರಿಸಿ 843 ಸಲ ಪರೀಕ್ಷಿಸಿದರು. ನಡೆಸಿದವರಿಗೇನೋ ಕೆಲವರಲ್ಲಿ ನಿಜವಾದ ಶಕ್ತಿ ಕಂಡಿತು. ಅದೇ ಅಂಕಿಗಳನ್ನು ಹೊರಗಿನವರು ಕೂಡಿಸಿ ಕಳೆದು ನೋಡಿದಾಗ ಅದೃಷ್ಟಕ್ಕಿಂತ ಹೆಚ್ಚಿನದೇನೂ ಉಳಿಯಲಿಲ್ಲ.

ಹೊಲದಲ್ಲಿ ಇದನ್ನು ಪರೀಕ್ಷಿಸಲು ಕೊಟ್ಟಿಗೆಯೂ ಬೇಡ. ಗುರುತು ಮಾಡಿದ ಮೇಲೆ ಅವರ ಕಣ್ಣಿಗೆ ಟವೆಲ್ ಕಟ್ಟಿ, ಒಂದೆರಡು ಸುತ್ತು ತಿರುಗಿಸಿ, ಅದೇ ಹೊಲದಲ್ಲಿ ಇನ್ನೊಮ್ಮೆ ನಡೆಸಿದರಾಯಿತು. ಕಾಯಿ ಅದೇ ಜಾಗದಲ್ಲಿ ಏಳುತ್ತದೋ ನೋಡಬಹುದು. ಖರ್ಚಿಲ್ಲ, ಅರ್ಧ ಗಂಟೆಯ ಕೆಲಸ. ಹೀಗೆ ಮಾಡಿಸಿದವರನ್ನು ನಾನು ಕಂಡಿಲ್ಲ. ಪಾಯಿಂಟ್ ಮಾಡಲು ಬಂದವರು ಬಹಳ ಸಲ ವಯಸ್ಸಾದವರು, ಪಕ್ಕದೂರಿನ ಪರಿಚಯದವರು, ಕೆಲವರು ದುಡ್ಡನ್ನೂ ಮುಟ್ಟದವರು. ಅವರ ಕಣ್ಣಿಗೆ ಬಟ್ಟೆ ಕಟ್ಟಿ ಎಂದು ಯಾವ ಬಾಯಲ್ಲಿ ಹೇಳುವುದು? ವುಡ್ ಕೂಡ ಬ್ಲಾಂಡ್ಲೊನ ಅತಿಥಿಯಾಗಿದ್ದ, ಎದುರಿಗೆ ಕೇಳುವ ಬದಲು ಕತ್ತಲಲ್ಲಿ ಕೈ ಚಾಚಿದ. ಇಲ್ಲಿ ಕತ್ತಲೂ ಇಲ್ಲ. ನಡುಹಗಲು, ಊರಿನ ಅರ್ಧ ಜನ ಬದುವಿನ ಮೇಲೆ ನಿಂತಿರುತ್ತಾರೆ. ಅಪ್ಪ ಸೊಸೈಟಿಯಲ್ಲಿ ಸಾಲ ಎತ್ತಿ ಆಗಿರುತ್ತದೆ. ಕೊರೆಯುವ ಲಾರಿ ಅಡಿಗೆ ಇಷ್ಟು ಎಂದು ಮಾತಾಡಿಕೊಂಡು ರಸ್ತೆಯಿಂದ ಹೊಲಕ್ಕೆ ಇಳಿಯುತ್ತಿರುತ್ತದೆ.